ನಲವತ್ತಾರು

ಬ್ರೆಮ್ಮರ್ ಕೌಂಟಿಗೆ ಮೂರು ಸಲ ಹೋದೆ,
ಮೂರು ಸಲವೂ ಅದೇ ನೋಟ್‌ಬುಕ್ಕು, ಅದೇ ಮೊಂಡು ಪೆನ್ಸಿಲು.
ಪಿಟ್ಸ್‌ಬರ್ಗಿನಿಂದ ಐದು ತಾಸು. ಕೊನೆಯ ತಾಸಿಗೆ
ಫೋನು ಸತ್ತಿರುತ್ತದೆ. ರೇಡಿಯೋದಲ್ಲಿ ಒಬ್ಬನೇ ಪಾದ್ರಿ,
ಗುಡ್ಡ ಬಳಸಿದರೆ ಅವನೂ ಇಲ್ಲ.
ಸ್ಕೂಲ್ ಬಸ್ಸು ಓಡಿಸುವವಳು ನಾನು,
ತಿರುವುಗಳನ್ನು ಎಣಿಸುವುದು ಅಭ್ಯಾಸ: ನೂರಾ ಹನ್ನೊಂದು.

ಬರೆದುಕೊಂಡೆ.
ಆಂಬುಲೆನ್ಸು ನಲವತ್ತೇಳು ನಿಮಿಷ, ದಾರಿ ಒಣಗಿದ್ದರೆ.
ಹಲ್ಲಿನ ಡಾಕ್ಟರು ಗುರುವಾರ ಮಾತ್ರ.
ಆಲೂಗಡ್ಡೆ ಬರುತ್ತದೆ, ಟೊಮೆಟೊ ಜೂಜು.
ಮುನ್ನೂರು ಅಡಿ ಕೊರೆಸಿದರೆ ನೀರು,
ನೀರಿನ ಜೊತೆಗೆ ಗಂಧಕದ ನಾತ.
ಮಣ್ಣಿನಡಿಯ ಕಲ್ಲಿದ್ದಲನ್ನು ಯಾರದೋ ಮುತ್ತಾತ
ಹೆಬ್ಬೆಟ್ಟೊತ್ತಿ ಮಾರಿಯಾಗಿದೆ.
'ನೀವು ಕೊಳ್ಳೋದು ಮೇಲಿನ ಸಿಪ್ಪೆ, ಮೇಡಂ'
ಎಂದು ನಕ್ಕ ದಸ್ತಾವೇಜು ಕಚೇರಿಯ ಹುಡುಗ.

ಸ್ಮಶಾನಕ್ಕೂ ಹೋದೆ. ನಗಬೇಡಿ.
ಕಲ್ಲಿನ ಮೇಲಿನ ಇಸವಿಯಿಂದ ಇಸವಿ ಕಳೆದರೆ
ಯಾವ ಊರೂ ಸುಳ್ಳು ಹೇಳಲಾರದು.
ಎಂಬತ್ತೊಂದು, ಎಪ್ಪತ್ತಾರು, ತೊಂಬತ್ತು,
ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು:
ಒಂಬತ್ತು.
ಅದನ್ನು ಬರೆದುಕೊಳ್ಳಲಿಲ್ಲ.

ಮಾರಾಟಕ್ಕಿದ್ದ ಜಾಗ ಹಳ್ಳದಾಚೆ. ಇಪ್ಪತ್ತೆರಡು ಎಕರೆ,
ಅದರಲ್ಲಿ ಹತ್ತೊಂಬತ್ತು ನೆಟ್ಟಗೆ ಎದ್ದು ನಿಂತಿದೆ.
ಸೇತುವೆಯ ತುಕ್ಕು ಫಲಕದಲ್ಲಿ: ಆರು ಟನ್.
ನೀರು ತುಂಬಿದ ಬೆಂಕಿ ಲಾರಿ ಎಷ್ಟು ತೂಗುತ್ತದೆ?
'ಹದಿನೈದು' ಎಂದಳು ಯಜಮಾನಿ ಆರ್ಫಾ ಸ್ಟಿಲ್ಟ್‌ನರ್,
ಬೀನ್ಸಿನ ನಾರು ತೆಗೆಯುತ್ತಲೇ.
'ಹತ್ತೋದಾದ್ರೆ ಹಳ್ಳದಾಚೆ ಹೋಗಿ ಹತ್ತು ಅಂತೀವಿ ಬೆಂಕಿಗೆ.'

ಕರೆಂಟು ಹೋದರೆ?
'ಹೋಗುತ್ತೆ.'
ಎಷ್ಟು ದಿನ?
'ಬರೋ ತನಕ.'
ದಾರಿ ಕೊಚ್ಚಿಹೋದರೆ?
'ಒಂದ್ಸಲ ಹೋಗಿತ್ತು, ಹತ್ತೊಂಬತ್ತು ದಿನ.
ಹಿಟ್ಟಿತ್ತು. ಉಪ್ಪು ಮುಗೀತು.'
ಯಾರು ಕೊಟ್ಟರು?
'ಬೇಲಿ ಜಗಳದಲ್ಲಿ ಮಾತು ಬಿಟ್ಟಿದ್ದೋನು.
ಮೆಟ್ಟಿಲ ಮೇಲೆ ಇಟ್ಟು ಹೋದ. ಆಗಲೂ ಮಾತಾಡಲಿಲ್ಲ.'
ಈ ಉತ್ತರಕ್ಕೆ ನನ್ನ ಪಟ್ಟಿಯಲ್ಲಿ ಖಾನೆ ಇರಲಿಲ್ಲ.

ಮನೆಯ ಹಿಂದೆ, ಗುಡ್ಡಕ್ಕೆ ಬೆನ್ನು ಕೊಟ್ಟು ಕೂತ ಕಲ್ಲಿನ ಗೂಡು.
ಒಳಗೆ ಕತ್ತಲು, ಕತ್ತಲೊಳಗೆ ಝರಿ,
ತೊಟ್ಟಿಯಲ್ಲಿ ಕುತ್ತಿಗೆ ಮಟ್ಟ ಮುಳುಗಿ ನಿಂತ ಹಾಲಿನ ಕ್ಯಾನು.
ಅವಳ ಅತ್ತೆಯ ಕಾಲದಿಂದಲೂ ಬೆಣ್ಣೆ ಇಲ್ಲೇ.
ಚೀಲದಿಂದ ಥರ್ಮಾಮೀಟರ್ ತೆಗೆದು
ದಾರ ಕಟ್ಟಿ ಇಳಿಬಿಟ್ಟೆ.
ಐದು ನಿಮಿಷ, ನೀರೊಂದೇ ಮಾತಾಡಿತು.
ಐವತ್ತೆರಡು, ಫ್ಯಾರನ್‌ಹೀಟ್.
'ನಿನಗೆಷ್ಟು ಬೇಕು?'
ನಲವತ್ತಾರು.
'ಬೆಣ್ಣೆಗೆ ಐವತ್ತೆರಡು ಧಾರಾಳ.'
ನಾನು ಸುಮ್ಮನಿದ್ದೆ. ದಾರ ಸುತ್ತತೊಡಗಿದೆ.
'ಆಗಸ್ಟು ಇದು,' ಎಂದಳು. 'ಇಲ್ಲೇ ಬಿಟ್ಟುಹೋಗು.
ನೋಡಿ ಬರೀತೀನಿ.'

ನಮ್ಮ ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಕುಳಿಗಳಲ್ಲಿ
ಮೊಟ್ಟೆ ಇಲ್ಲ, ಆರು ಪುಟ್ಟ ಸೀಸೆಗಳಿವೆ.
ಬಿರುಗಾಳಿಗೆ ಬೀದಿಯೆಲ್ಲ ಕತ್ತಲಾದ ರಾತ್ರಿ
ತಡವಿಕೊಂಡು ಹೋಗಿ ಮೊದಲು ಮುಟ್ಟುವುದು ಅವನ್ನು,
ಆಮೇಲೆ ಅವಳ ಹಣೆಯನ್ನು.
ಹೊಟ್ಟೆಗೆ ಏನಾದರೂ ಬೆಳೆದುಕೊಳ್ಳಬಹುದು.
ಇದನ್ನು ಯಾವ ಹೊಲದಲ್ಲಿ ಬಿತ್ತಲಿ?

ಸೆಪ್ಟೆಂಬರಿನ ಕಾರ್ಡು: 'ಐವತ್ತೆರಡೇ. ಸೇಬು ಚೆನ್ನಾಗಿ ಬಂದಿದೆ.'
ನವೆಂಬರ್: 'ಐವತ್ತು. ಒಬ್ಬ ಬಂದಿದ್ದ ಜಾಗ ನೋಡೋಕೆ,
ದುಡ್ಡಿತ್ತು. ಎಲ್ಲಿಂದ ಗುಂಡು ಹಾರಿಸಿದರೆ ಸೇತುವೆಗೆ ತಾಗುತ್ತೆ
ಅಂತ ಕೇಳಿದ. ಮಾರಲ್ಲ ಅಂದೆ.'
ಜನವರಿ: 'ನಲವತ್ತೆಂಟು. ಹಿಮ ಸೊಂಟದವರೆಗೆ. ಸೇತುವೆ ಇದೆ.'
ಕೆಳಗೆ, ಜಾಗ ಸಾಲದೆ ಅಂಚಿಗೆ ಓರೆಯಾಗಿ ಹತ್ತಿದ ಅಕ್ಷರ:
'ಔಷಧಿ ಯಾರಿಗೆ, ನಿನಗೋ ಮಕ್ಕಳಿಗೋ?'

ಮಗಳಿಗೆ, ಎಂದು ಬರೆದೆ. ಒಂಬತ್ತು ವರ್ಷ.
ಅಂಚೆಚೀಟಿ ಹಚ್ಚಿದೆ.
ಹೊರಡುವ ಮುಂಚೆ ಫ್ರಿಜ್ಜು ತೆರೆದು
ಎಣಿಸಿದೆ. ಆರು.